ಗುಳೆ ಬಗ್ಗೆ ಓದೋದೇನೈತಿ ಅಂತ ಕೇಳಿದ ಕಾಕಾಗೂ, ತಂಗಿಗೂ

ತಂಗಿ, ನಿನ್ನ ಮೆಸೇಜ್ ಬೆಳಿಗ್ಗೆ ನೋಡಿದೆ. ಕೆಲಸ ಬಿಡದೆ ವಲಸೆ ನೀತಿಯಲ್ಲಿ ಎಂ.ಎ. ಮಾಡಲಾ ಅಂತ ಕೇಳಿದ್ದೀಯ. ಅದರ ಕೆಳಗೆ ಕಾಕಾ, "ಗುಳೆ ಹೋಗೋದನ್ನ ಹುಟ್ಟಿದಾಗಿಂದ ನೋಡೀವಿ, ಅದರಾಗ ಓದೋದೇನೈತಿ" ಅಂತ ಬರೆದಿದ್ದಾರೆ. ಸ್ವಲ್ಪ ಉದ್ದ ಆಗುತ್ತದೆ, ಇಬ್ಬರೂ ಪೂರ್ತಿ ಕೇಳಿ.

ಕಾಕಾ, ನೀವು ನೋಡಿದ್ದೇ ಇವಳ ಬಂಡವಾಳ. ನಾನು ಅದೇ ಥರದ ಕೋರ್ಸಿನ ಎರಡನೇ ವರ್ಷದಲ್ಲಿದ್ದೇನೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಓದಿದ ದಿನ ನನಗೆ ಸಿಟ್ಟೇ ಬಂತು. ಮೇಸ್ತ್ರಿ ಕರೆದುಕೊಂಡು ಹೋದ ಕೂಲಿಯವರಿಗೆ ಪ್ರಯಾಣ ಭತ್ಯೆ, ಇರಲು ಜಾಗ, ಔಷಧೋಪಚಾರ ಎಲ್ಲ ಅದರಲ್ಲಿ ಬರೆದಿದೆ. ಆದರೆ ರಾಜ್ಯದ ಗಡಿ ದಾಟಿರಬೇಕು. ನಮ್ಮ ರಾಯಚೂರು ಜಿಲ್ಲೆಯ ಶಕ್ತಿನಗರದ ಹತ್ತಿರ ಕೃಷ್ಣಾ ಹೊಳೆ ದಾಟಿ ತೆಲಂಗಾಣಕ್ಕೆ ಹೋದವರು ಆ ಲೆಕ್ಕಕ್ಕೆ ಬರುತ್ತಾರೆ. ಸುಮಾರು 400 ಕಿಲೋಮೀಟರ್ ದೂರದ ಬೆಂಗಳೂರಿಗೆ ಮಕ್ಕಳು-ಮರಿ ಕಟ್ಟಿಕೊಂಡು ಹೋದವರು ಬರುವುದಿಲ್ಲ. ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ ಎಷ್ಟು ಜನ ಹೋಗುತ್ತಾರೆ, ನಿಮಗೇ ಗೊತ್ತಲ್ವಾ? ಈಗ ಆ ಕಾಯ್ದೆಯ ಜಾಗಕ್ಕೆ 2020ರ ಹೊಸ ಕಾರ್ಮಿಕ ಸಂಹಿತೆ ಬಂದು, 2025ರ ನವೆಂಬರ್ 21ರಿಂದ ಜಾರಿಯಾಗಿದೆ. ಮೇಸ್ತ್ರಿ ಇಲ್ಲದೆ ತಾವಾಗೇ ಹೋದವರನ್ನೂ ಅದು ಸೇರಿಸಿಕೊಂಡಿದೆ, ಅದು ಒಳ್ಳೆಯದೇ. ಆದರೆ ರಾಜ್ಯದ ಗಡಿ ಅಲ್ಲೂ ಹಾಗೇ ಉಳಿದಿದೆ.

ಜನಗಣತಿ ತಗೊಳ್ಳಿ. 2011ರಲ್ಲಿ ಮಂದಿ ಎಣಿಸಿದ್ದು ಫೆಬ್ರವರಿಯಲ್ಲಿ. 2027ಕ್ಕೂ ಅದೇ ತಿಂಗಳು ಗೊತ್ತು ಮಾಡಿದ್ದಾರೆ. ಹತ್ತಿ, ತೊಗರಿ ಸುಗ್ಗಿ ಮುಗಿದು ದೇವದುರ್ಗ, ಲಿಂಗಸುಗೂರು ಕಡೆಯ ತಾಂಡಾಗಳಲ್ಲಿ ಮನೆಗೆ ಬೀಗ ಬಿದ್ದಿರುವ ಹೊತ್ತದು. ಆ ದಿನಗಳಲ್ಲಿ ಊರಲ್ಲಿ ಇಲ್ಲದವರನ್ನು ಎಲ್ಲಿದ್ದಾರೋ ಅಲ್ಲೇ ಎಣಿಸಬೇಕು. ಕಟ್ಟಡದ ಪಕ್ಕದ ತಗಡಿನ ಶೆಡ್ಡಿಗೆ ಎಣಿಸುವವರು ಹೋಗುತ್ತಾರಾ? ಅದೇ ಜನ ಮೊಹರಂಗೆ ಊರು ತುಂಬ ಇರುತ್ತಾರೆ. ಇದನ್ನು ಒಂದು ಪ್ರಶ್ನೆಯಾಗಿ ಕೇಳಬೇಕು ಅಂತ ದಿಲ್ಲಿಯಲ್ಲಿ ಕೂತವರಿಗೆ ಹೇಗೆ ಹೊಳೆಯಬೇಕು? ಇವಳಿಗೆ ಹೊಳೆಯುತ್ತದೆ.

ತಂಗಿ, ಕ್ಲಾಸಿನಲ್ಲಿ ನಿರಾಶ್ರಿತರ ಪಾಠ ಬಂದಾಗ ಸಿರಿಯಾ, ಯುರೋಪ್ ಅಂತಾರೆ. ಅದನ್ನೂ ಗಮನ ಕೊಟ್ಟು ಓದು. ಆದರೆ ನಮ್ಮ ಸಿಂಧನೂರನ್ನು ಮನಸ್ಸಲ್ಲಿ ಇಟ್ಟುಕೋ. ಆಗಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳ ಆರ್‌.ಎಚ್. ಕ್ಯಾಂಪುಗಳು, ಅಂದರೆ ಪುನರ್ವಸತಿ ಊರುಗಳು, ಅಲ್ಲಿವೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಭತ್ತ ಬೆಳೆದವರ ಕ್ಯಾಂಪುಗಳೂ ಇವೆ. ಅದೇ ಜಿಲ್ಲೆಯ ಒಣ ಬೇಸಾಯದ ಊರುಗಳಿಂದ ಜನ ಗುಳೆ ಹೋಗುತ್ತಾರೆ. ಹೊರಗಿನಿಂದ ಬಂದವರೂ, ಹೊರಗೆ ಹೋಗುವವರೂ ಒಂದೇ ಜಿಲ್ಲೆಯಲ್ಲಿ! ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹಾಗಿದ್ದೂ ಆ ಕುಟುಂಬಗಳಿಗೆ ಜಮೀನು ಕೊಟ್ಟು ಇಲ್ಲಿ ನೆಲೆ ಮಾಡಿದ್ದು ಹೇಗೆ ಅಂತ ಯಾರಾದರೂ ಕೂತು ಬರೆಯಬೇಕು. ನಿನ್ನ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆ ವಿಷಯ ನನಗಂತೂ ಕಾಣುವುದಿಲ್ಲ.

ಇನ್ನು ಕೋರ್ಸಿನ ಮಾತು. ಆನ್‌ಲೈನ್ ಇರಲಿ, ದೂರಶಿಕ್ಷಣ ಇರಲಿ, ಯುಜಿಸಿಯ ದೂರಶಿಕ್ಷಣ ಬ್ಯೂರೋ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯದ ಜೊತೆಗೆ ಆ ಕೋರ್ಸಿನ ಹೆಸರೂ ಇದೆಯಾ ನೋಡು. ಅಡ್ಮಿಷನ್‌ಗೆ ಮೊದಲು ಅದೇ ಬ್ಯೂರೋದ ಗುರುತಿನ ಸಂಖ್ಯೆ, ಅಂದರೆ ಡಿಇಬಿ ಐಡಿ, ಮಾಡಿಸಬೇಕು. ಆಫೀಸಿನಿಂದ ಅನುಮತಿ ಬರವಣಿಗೆಯಲ್ಲೇ ತಗೋ. ಸಿಲಬಸ್‌ನಲ್ಲಿ ದೇಶದೊಳಗಿನ ವಲಸೆಗೆ ಒಂದು ಪೂರ್ತಿ ಪೇಪರ್ ಇರಬೇಕು. ವಿದೇಶಕ್ಕೆ ಹೋಗುವವರ ಬಗ್ಗೆಯೇ ಎಲ್ಲ ಇದ್ದರೆ ಬೇರೆ ಕೋರ್ಸ್ ಹುಡುಕೋಣ. ಓದುವುದು ಜಾಸ್ತಿ ಇರುತ್ತದೆ, ಎಲ್ಲ ಇಂಗ್ಲಿಷಿನಲ್ಲಿ. ವಾರದ ರಾತ್ರಿಗಳಲ್ಲೇ ಒಂದಿಷ್ಟು ಮುಗಿಸದಿದ್ದರೆ ಶನಿವಾರದ ಕ್ಲಾಸಿನಲ್ಲಿ ಸುಮ್ನೆ ಕೂರಬೇಕಾಗುತ್ತದೆ. ಮನೆಯಲ್ಲಿ ಅವ್ವನಿಗೆ ಈಗಲೇ ಹೇಳಿಬಿಡು, ಎರಡು ವರ್ಷ ಶನಿವಾರ, ಭಾನುವಾರ ಮದುವೆ, ಜಾತ್ರೆ ಅಂತ ಕರೆಯಬಾರದು.

ಸಿಲಬಸ್ ಪಿಡಿಎಫ್ ನನಗೆ ಕಳಿಸು. ಭಾನುವಾರ ಸಂಜೆ ಕ್ಲಾಸ್ ಮುಗಿದ ಮೇಲೆ ಫೋನ್ ಮಾಡುತ್ತೇನೆ. ಕಾಕಾ, ನೀವೂ ಆಗ ಲೈನಿಗೆ ಬನ್ನಿ, ಕ್ಯಾಂಪಿನವರು ಮೊದಲು ಬಂದಾಗಿನ ಕಥೆ ನಿಮ್ಮಿಂದಲೇ ಕೇಳಬೇಕು.