ಯುಆರ್‌ಎಲ್ ಕೊಟ್ಟರೆ ಪುಟ ತರುವ ಸರ್ವರ್: 169.254.169.254 ತಡೆದರೆ ಸಾಕೇ?

ಕೊಂಡಿಕಳಚಿ (ಪ್ರಶ್ನೆ)

ಎಡಬ್ಲ್ಯೂಎಸ್ ಇಸಿ2 (ಅಮೆಜಾನ್‌ನ ಬಾಡಿಗೆ ಯಂತ್ರ) ಮೇಲೆ ಡಾಕರ್ ಕಂಟೇನರ್‌ನಲ್ಲಿ ಓಡುವ ಸೇವೆ. ಬಳಕೆದಾರರು ಕೊಟ್ಟ ಲಿಂಕಿಗೆ ಸರ್ವರ್ ಹೋಗಿ, ಶೀರ್ಷಿಕೆ ಮತ್ತು ಚಿತ್ರ ತಂದು ಎಸ್3ಯಲ್ಲಿ (ಅಮೆಜಾನ್‌ನ ಕಡತ ಸಂಗ್ರಹ) ಇಟ್ಟು ಮುನ್ನೋಟ ತೋರಿಸುತ್ತದೆ. ತಪಾಸಣಾ ವರದಿಯಲ್ಲಿ ‘ಎಸ್‌ಎಸ್‌ಆರ್‌ಎಫ್ ಇದೆ, ಮೆಟಾಡೇಟಾ ಮೂಲಕ ರೋಲ್‌ನ ಕೀಲಿ ಸೋರಬಹುದು’ ಎಂದು ಬಂದಿದೆ. ಅಂದರೆ ಹೊರಗಿನವರು ಕೊಟ್ಟ ಲಿಂಕಿನಿಂದ ನಮ್ಮ ಸರ್ವರನ್ನೇ ಒಳಗಿನ ವಿಳಾಸಕ್ಕೆ ಕಳಿಸಿ, ಯಂತ್ರಕ್ಕೆ ಕೊಟ್ಟ ಹಕ್ಕುಗಳ (ರೋಲ್) ತಾತ್ಕಾಲಿಕ ಕೀಲಿಯನ್ನು ಮೆಟಾಡೇಟಾ ಸೇವೆಯಿಂದ (169.254.169.254, ಯಂತ್ರ ತನ್ನ ವಿವರ ಕೇಳುವ ವಿಳಾಸ) ತರಿಸಬಹುದು.

ಈಗಿರುವ ತಡೆ: ಯುಆರ್‌ಎಲ್‌ನಲ್ಲಿ 169.254.169.254, 127.0.0.1 ಅಥವಾ ಲೋಕಲ್‌ಹೋಸ್ಟ್ ಕಂಡರೆ ತಿರಸ್ಕಾರ. ಸೆಕ್ಯುರಿಟಿ ಗ್ರೂಪ್‌ನಲ್ಲಿ (ಯಂತ್ರದ ಜಾಲ ಫೈರ್‌ವಾಲ್) ಹೊರಕ್ಕೆ 80 ಮತ್ತು 443 ಪೋರ್ಟ್ ಮಾತ್ರ. ಐಎಂಡಿಎಸ್‌ವಿ2 (ಟೋಕನ್ ಕೇಳುವ ಹೊಸ ಬಗೆಯ ಮೆಟಾಡೇಟಾ ಸೇವೆ) ಕಡ್ಡಾಯ ಮಾಡಿದ ಕೂಡಲೇ ಕಂಟೇನರ್‌ಗೆ ಕೀಲಿ ಸಿಗದೆ ಟೈಮ್‌ಔಟ್ ಆಗುತ್ತಿದೆ, ಆದ್ದರಿಂದ ಸದ್ಯ ಐಚ್ಛಿಕವಾಗಿಯೇ ಇದೆ. ಇದು ಏಕೆ ಹೀಗೆ? ಮೆಟಾಡೇಟಾ ವಿಳಾಸವನ್ನೇ ಸೆಕ್ಯುರಿಟಿ ಗ್ರೂಪ್‌ನಲ್ಲಿ ಮುಚ್ಚಬಹುದೇ?

ಬೇಲಿಗೂಟ

ಕೊನೆಯ ಪ್ರಶ್ನೆ ಮೊದಲು: ಆಗುವುದಿಲ್ಲ. ಮೆಟಾಡೇಟಾ ಸೇವೆಗೆ ಹೋಗುವ ಪ್ಯಾಕೆಟ್‌ಗಳಿಗೆ ಸೆಕ್ಯುರಿಟಿ ಗ್ರೂಪ್ ಆಗಲಿ ನೆಟ್‌ವರ್ಕ್ ಎಸಿಎಲ್ ಆಗಲಿ ಅನ್ವಯಿಸುವುದೇ ಇಲ್ಲ. ಅಲ್ಲಿ ಏನೇ ನಿಯಮ ಬರೆದರೂ ಅದು ಗೋಡೆಯ ಮೇಲಿನ ಚಿತ್ರ.

ಇನ್ನು ಯುಆರ್‌ಎಲ್ ಅಕ್ಷರ ಹೋಲಿಸುವ ತಡೆ. ನೀವು ಚಾಪೆ ಕೆಳಗೆ ತೂರಿದರೆ ದಾಳಿಕೋರ ರಂಗೋಲಿ ಕೆಳಗೆ ತೂರುತ್ತಾನೆ. ಅದೇ ವಿಳಾಸವನ್ನು 2852039166 ಎಂಬ ಒಂದೇ ಸಂಖ್ಯೆಯಾಗಿ ಬರೆಯಬಹುದು. ಐಪಿವಿ6 ರೂಪದೊಳಗೆ ಐಪಿವಿ4 ಅಡಗಿಸಬಹುದು. ತನ್ನದೇ ಡೊಮೇನ್‌ನ ಎ ರೆಕಾರ್ಡ್ (ಹೆಸರಿಗೆ ಐಪಿ ತೋರಿಸುವ ಡಿಎನ್‌ಎಸ್ ನಮೂದು) ಅನ್ನು 169.254.169.254ಕ್ಕೆ ತೋರಿಸಬಹುದು, ಇಲ್ಲವೇ ಸಭ್ಯವಾದ ಪುಟವೊಂದರಿಂದ 302 ರೀಡೈರೆಕ್ಟ್ ಕೊಟ್ಟು ಅಲ್ಲಿಗೆ ಕಳಿಸಬಹುದು.

‘ಡಿಎನ್‌ಎಸ್ ನೋಡಿ ಐಪಿ ಪರೀಕ್ಷಿಸುತ್ತೇವೆ’ ಎಂದರೂ ಸಾಲದು. ಪರೀಕ್ಷೆಗೆ ಒಮ್ಮೆ, ಎಚ್‌ಟಿಟಿಪಿ ಲೈಬ್ರರಿ ಸಂಪರ್ಕಿಸುವಾಗ ಇನ್ನೊಮ್ಮೆ ಹೆಸರು ಬಿಡಿಸಿದರೆ ಎರಡು ಬೇರೆ ಉತ್ತರ ಬರಬಹುದು. ಡಿಎನ್‌ಎಸ್ ಉತ್ತರದ ಟಿಟಿಎಲ್ (ಎಷ್ಟು ಹೊತ್ತು ನೆನಪಿಡಬೇಕೆಂಬ ಲೆಕ್ಕ) 0 ಇಟ್ಟು ಇದನ್ನೇ ಮಾಡುತ್ತಾರೆ, ಹೆಸರು ಡಿಎನ್‌ಎಸ್ ರೀಬೈಂಡಿಂಗ್. ಪರೀಕ್ಷೆ ಇರಬೇಕಾದ ಜಾಗ ಒಂದೇ: ಹೆಸರು ಐಪಿ ಆದ ಮೇಲೆ, ಸಾಕೆಟ್ ತೆರೆಯುವ ಮೊದಲು. ಗೋ ಭಾಷೆಯಲ್ಲಿ ಡಯಲರ್‌ನ (ಸಂಪರ್ಕ ತೆರೆಯುವ ಭಾಗ) ‘ಕಂಟ್ರೋಲ್’ ಕಾಲ್‌ಬ್ಯಾಕ್ ಇದಕ್ಕೆ ಸರಿಯಾಗಿ ಹೊಂದುತ್ತದೆ. ಪ್ರತಿ ರೀಡೈರೆಕ್ಟ್‌ಗೂ ಹೊಸ ಸಂಪರ್ಕವಾದರೆ ಅದೇ ಕಾವಲು ದಾಟಿಯೇ ಹೋಗಬೇಕು. ಆದರೆ ಎನ್ವಿರಾನ್ಮೆಂಟ್‌ನಲ್ಲಿ ಪ್ರಾಕ್ಸಿ ವಿಳಾಸ ಇದ್ದರೆ ಎಚ್ಚರ: ಆಗ ಡಯಲರ್‌ಗೆ ಕಾಣುವುದು ಪ್ರಾಕ್ಸಿಯ ಐಪಿ, ಗುರಿಯದಲ್ಲ. ಪರೀಕ್ಷೆ ಪಾಸ್, ಕಾವಲು ಖಾಲಿ.

ಐಪಿವಿ4ರಲ್ಲಿ ತಿರಸ್ಕರಿಸಬೇಕಾದವು: 0.0.0.0/8, 10.0.0.0/8, 100.64.0.0/10, 127.0.0.0/8, 169.254.0.0/16, 172.16.0.0/12, 192.168.0.0/16. ಐಪಿವಿ6 ಬೇಡವಾಗಿದ್ದರೆ ಆ ಮಾರ್ಗವನ್ನೇ ಮುಚ್ಚಿ. ಇಸಿ2 ಮೆಟಾಡೇಟಾಗೆ ಐಪಿವಿ6 ವಿಳಾಸವೂ ಇದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಸ್ಕೀಮ್ ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಮಾತ್ರ. ರೀಡೈರೆಕ್ಟ್ 3, ಒಟ್ಟು ಸಮಯ 5 ಸೆಕೆಂಡ್, ಗಾತ್ರ 5 ಎಂಬಿ ಎಂದಿಟ್ಟುಕೊಳ್ಳಿ. ಗಾತ್ರವನ್ನು ಜಿಜಿಪ್ ಬಿಚ್ಚಿದ ಮೇಲೆ ಎಣಿಸಿ, ಮೊದಲಲ್ಲ.

ತಂದದ್ದನ್ನು ನೀವು ಏನು ಮಾಡುತ್ತೀರಿ ಎಂದೂ ನೋಡಿ. ಎಸ್‌ವಿಜಿ ಚಿತ್ರ, ಹೆಡ್‌ಲೆಸ್ ಕ್ರೋಮ್, ಎಫ್‌ಎಫ್‌ಎಂಪೆಗ್‌ಗೆ ಕೊಡುವ ಎಚ್‌ಎಲ್‌ಎಸ್ ಪಟ್ಟಿ, ಇವೆಲ್ಲ ತಾವಾಗಿಯೇ ಮತ್ತೆ ಹೊರಗೆ ಕೈ ಚಾಚಬಲ್ಲವು. ಅದು ಬೇರೆ ಪ್ರೋಸೆಸ್, ನಿಮ್ಮ ಡಯಲರ್ ಅಲ್ಲಿ ಇರುವುದೇ ಇಲ್ಲ.

ಹಾಪ್‌ಲೆಕ್ಕ

ಟೈಮ್‌ಔಟ್‌ನ ಕಾರಣ ಹಾಪ್ ಮಿತಿ, ಅಂದರೆ ಉತ್ತರ ಎಷ್ಟು ಜಾಲ ಜಿಗಿತ ದಾಟಬಹುದು ಎಂಬ ಲೆಕ್ಕ. ಐಎಂಡಿಎಸ್‌ವಿ2ರಲ್ಲಿ ಮೊದಲು ಪುಟ್ ಎಂಬ ಎಚ್‌ಟಿಟಿಪಿ ವಿನಂತಿಯಿಂದ ಟೋಕನ್ ಪಡೆಯಬೇಕು (ಆಯುಷ್ಯ 1ರಿಂದ 21600 ಸೆಕೆಂಡ್), ನಂತರ ಆ ಟೋಕನ್ನನ್ನು ಹೆಡರ್‌ನಲ್ಲಿಟ್ಟು ಗೆಟ್. ಪುಟ್‌ನ ಉತ್ತರ ಪ್ಯಾಕೆಟ್‌ನ ಐಪಿ ಟಿಟಿಎಲ್ (ಉಳಿದ ಹಾಪ್‌ಗಳ ಎಣಿಕೆ, ಮೇಲಿನ ಡಿಎನ್‌ಎಸ್ ಟಿಟಿಎಲ್ ಅಲ್ಲ) ಸಾಮಾನ್ಯವಾಗಿ 1. ಡಾಕರ್ ಬ್ರಿಜ್‌ನಲ್ಲಿ ಹೋಸ್ಟ್ ಅದನ್ನು ಕಂಟೇನರ್‌ಗೆ ದಾಟಿಸುವಾಗ 0 ಆಗಿ ಪ್ಯಾಕೆಟ್ ಬಿದ್ದುಹೋಗುತ್ತದೆ. ದೋಷ ಸಂದೇಶ ಬರುವುದಿಲ್ಲ, ಬರೀ ಮೌನ. ಅದಕ್ಕೇ ನಿಮಗೆ ಟೈಮ್‌ಔಟ್.

ಮಿತಿಯನ್ನು 2 ಮಾಡಿದರೆ ಓಡುತ್ತದೆ. ಆದರೆ ಆ ಯಂತ್ರದ ಪ್ರತಿ ಕಂಟೇನರ್‌ಗೂ ಯಂತ್ರದ ರೋಲ್ ಸಿಕ್ಕಿತು ಎಂದೇ ಅರ್ಥ. ಇನ್ನೊಂದು ಮಾತು: ಅಮೆಜಾನ್ ಲಿನಕ್ಸ್ 2023ರ ಎಎಂಐಗಳಲ್ಲಿ (ಯಂತ್ರ ಹುಟ್ಟುವ ಮೂಲ ಪ್ರತಿ) ಟೋಕನ್ ಕಡ್ಡಾಯವಾಗಿಯೂ ಹಾಪ್ ಮಿತಿ 2 ಆಗಿಯೂ ಬರುತ್ತದೆ, ಆದ್ದರಿಂದ 1 ಇದೆ ಎಂದು ಭಾವಿಸದೆ ತೆರೆದು ನೋಡಿ. ಹೋಸ್ಟ್ ನೆಟ್‌ವರ್ಕ್‌ನಲ್ಲಿ ಓಡುವ ಕಂಟೇನರ್‌ಗೆ ಹಾಪ್ ಲೆಕ್ಕವೇ ಇಲ್ಲ.

ಕಡ್ಡಾಯ ಮಾಡುವ ಮೊದಲು ಕ್ಲೌಡ್‌ವಾಚ್‌ನಲ್ಲಿ (ಎಡಬ್ಲ್ಯೂಎಸ್‌ನ ನಿಗಾ ಸೇವೆ) ‘ಮೆಟಾಡೇಟಾ ನೋ ಟೋಕನ್’ ಮೆಟ್ರಿಕ್ ನೋಡಿ. ಟೋಕನ್ ಇಲ್ಲದೆ ಬಂದ ಕರೆಗಳನ್ನು ಅದು ಎಣಿಸುತ್ತದೆ. ಕೆಲವು ದಿನ 0 ಇದ್ದರೆ ಧೈರ್ಯವಾಗಿ ಬದಲಿಸಿ.

ವಿ2 ಏನನ್ನು ತಡೆಯುತ್ತದೆ ಎಂಬುದೂ ಸ್ಪಷ್ಟವಿರಲಿ. ಬರೀ ಯುಆರ್‌ಎಲ್ ಮೇಲೆ ಹಿಡಿತವಿರುವ ದಾಳಿಕೋರನಿಗೆ ಪುಟ್ ಕಳಿಸಲಾಗುವುದಿಲ್ಲ, ಅಷ್ಟೇ. ನಿಮ್ಮ ಸೇವೆಯಲ್ಲಿ ಮೆಥಡ್, ಹೆಡರ್ ಎರಡನ್ನೂ ಬಳಕೆದಾರರೇ ಆರಿಸುವ ವೆಬ್‌ಹುಕ್ ಪರೀಕ್ಷೆಯಂಥದ್ದು ಇದ್ದರೆ ವಿ2 ಇದ್ದೂ ಇಲ್ಲದಂತೆ.

ಕೊಂಡಿಕಳಚಿ

ಹಾಗಾದರೆ ಇಕ್ಕಟ್ಟು: ಎಸ್3ಗೆ ಬರೆಯಲು ಕೀಲಿ ಬೇಕು, ಹೊರಗೆ ಹೋಗುವ ಕೋಡ್‌ಗೆ ಕೀಲಿ ಸಿಗಬಾರದು. ಎರಡೂ ಒಂದೇ ಕಂಟೇನರ್‌ನಲ್ಲಿವೆ.

ಹಾಪ್‌ಲೆಕ್ಕ

ಒಡೆಯಿರಿ. ಬೇಲಿಗೂಟ ಅವರು ಹೇಳಿದ ಕೋಡ್ ಬೇಕೇ ಬೇಕು, ಆದರೆ ನಾನು ಮೊದಲು ಮಾಡುವುದು ಇದನ್ನೇ. ಪುಟ ತರುವವನು ಬೇರೆ ಯಂತ್ರದಲ್ಲಿರಲಿ. ಆ ಯಂತ್ರಕ್ಕೆ ರೋಲ್ ಬೇಡ, ಮೆಟಾಡೇಟಾ ಎಂಡ್‌ಪಾಯಿಂಟ್ ಅನ್ನೂ ಪೂರ್ತಿ ನಿಷ್ಕ್ರಿಯಗೊಳಿಸಿ. ಜೇಬಿನಲ್ಲಿ ಏನೂ ಇಲ್ಲದವನನ್ನು ತಡಕಾಡಿದರೆ ಸಿಗುವುದೇನು? ಚಿತ್ರ ಇಡಲು ಮುಖ್ಯ ಸೇವೆ ಅವನಿಗೆ ಒಂದೇ ವಸ್ತುವಿನ, 300 ಸೆಕೆಂಡ್ ಆಯುಷ್ಯದ ಪ್ರೀಸೈನ್ಡ್ ವಿಳಾಸ (ಮೊದಲೇ ಸಹಿ ಹಾಕಿದ, ಕೀಲಿ ಇಲ್ಲದೆ ಬರೆಯಬಹುದಾದ ಲಿಂಕ್) ಕೊಡಲಿ. ಪುಟ್ ಬಗೆಯ ಪ್ರೀಸೈನ್ಡ್‌ನಲ್ಲಿ ಗಾತ್ರದ ವ್ಯಾಪ್ತಿ ಹೇಳಲು ಬರುವುದಿಲ್ಲ. ಪೋಸ್ಟ್ ಪಾಲಿಸಿಯಲ್ಲಿ ಕನಿಷ್ಠ, ಗರಿಷ್ಠ ಬೈಟ್ ಎರಡನ್ನೂ ಹಾಕಬಹುದು.

ಬೇರೆ ಯಂತ್ರ ಸಾಧ್ಯವೇ ಇಲ್ಲದಿದ್ದರೆ ಎರಡು ಕಂಟೇನರ್ ಮಾಡಿ, ತರುವವನಿಂದ 169.254.169.254ಕ್ಕೆ ಹೋಗುವುದನ್ನು ಐಪಿಟೇಬಲ್ಸ್‌ನ (ಲಿನಕ್ಸ್ ಫೈರ್‌ವಾಲ್) ‘ಡಾಕರ್-ಯೂಸರ್’ ಚೈನ್‌ನಲ್ಲಿ ಡ್ರಾಪ್ ಮಾಡಿ. ಔಟ್‌ಪುಟ್ ಚೈನ್‌ನಲ್ಲಿ ಬರೆದರೆ ಕೆಲಸಕ್ಕೆ ಬಾರದು. ಬ್ರಿಜ್‌ನ ಪ್ಯಾಕೆಟ್‌ಗಳು ಹೋಗುವುದು ಫಾರ್ವರ್ಡ್ ದಾರಿಯಲ್ಲಿ.

ಇಸಿಎಸ್‌ಗೆ (ಎಡಬ್ಲ್ಯೂಎಸ್‌ನ ಕಂಟೇನರ್ ಸೇವೆ) ಹೋಗುವುದಾದರೆ ಟಾಸ್ಕ್ ರೋಲ್‌ನ ಕೀಲಿ 169.254.170.2ರಲ್ಲಿ ಸಿಗುತ್ತದೆ, ಅಲ್ಲಿ ಪುಟ್ ಟೋಕನ್ ಇಲ್ಲ. ದಾರಿಯಲ್ಲಿ ಊಹಿಸಲಾಗದ ಗುರುತು ಇರುವುದೇ ರಕ್ಷಣೆ, ಆ ಗುರುತು ಇರುವುದು ಎನ್ವಿರಾನ್ಮೆಂಟ್‌ನಲ್ಲಿ. ಫೈಲ್ ಸ್ಕೀಮ್ (ಯಂತ್ರದ ಕಡತ ಓದಿಸುವ ಯುಆರ್‌ಎಲ್) ತೆರೆದಿಟ್ಟರೆ ಅದೂ ಹೋಯಿತು.

ಕೀಲಿಮಣೆ

ಕೀಲಿ ಸೋರಿದರೂ ಅದರಿಂದ ಎಷ್ಟು ದೂರ ಹೋಗಬಹುದು ಎಂಬುದನ್ನು ಯಾರೂ ಮುಟ್ಟಿಲ್ಲ. 2019ರಲ್ಲಿ ಕ್ಯಾಪಿಟಲ್ ಒನ್‌ನಲ್ಲಿ ತಪ್ಪಾಗಿ ಹೊಂದಿಸಿದ್ದ ವೆಬ್ ಫೈರ್‌ವಾಲ್ ಮೂಲಕ ರೋಲ್‌ನ ಕೀಲಿ ಹೋಯಿತು. ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರ ಮಾಹಿತಿ ಹೊರಬಿತ್ತು. ಫೈರ್‌ವಾಲ್‌ನ ರೋಲ್‌ಗೆ ಎಸ್3 ಬಕೆಟ್‌ಗಳನ್ನು ಪಟ್ಟಿ ಮಾಡಿ ಓದುವ ಹಕ್ಕು ಏಕೆ ಬೇಕಿತ್ತು, ಹೇಳಿ? ಐಎಂಡಿಎಸ್‌ವಿ2 ಬಂದದ್ದು ಅದೇ ವರ್ಷ ನವೆಂಬರ್‌ನಲ್ಲಿ.

ನಿಮ್ಮ ರೋಲ್‌ಗೆ ಒಂದು ಬಕೆಟ್, ಒಂದು ಪ್ರಿಫಿಕ್ಸ್, ಬರೆಯುವ ಹಕ್ಕು ಮಾತ್ರ ಇರಲಿ. ಅದರ ಮೇಲೆ, ವಿನಂತಿ ಬಂದ ವಿಪಿಸಿಯೂ (ನಿಮ್ಮ ಖಾತೆಯ ಖಾಸಗಿ ಜಾಲ) ಕೀಲಿ ಹುಟ್ಟಿದ ವಿಪಿಸಿಯೂ ಒಂದೇ ಆಗಿರದಿದ್ದರೆ ನಿರಾಕರಿಸುವ ಷರತ್ತು ಹಾಕಿ. ಇದಕ್ಕೆ ಎಸ್3ಗೆ ವಿಪಿಸಿ ಎಂಡ್‌ಪಾಯಿಂಟ್ ಬೇಕು, ಇಲ್ಲದಿದ್ದರೆ ಮೂಲ ವಿಪಿಸಿಯ ಮೌಲ್ಯವೇ ಬರುವುದಿಲ್ಲ. ಗೇಟ್‌ವೇ ಬಗೆಯದ್ದಕ್ಕೆ ಪ್ರತ್ಯೇಕ ಶುಲ್ಕವಿಲ್ಲ. ಷರತ್ತನ್ನು ರೋಲ್ ಪಾಲಿಸಿಯಲ್ಲಿ ಬರೆಯಿರಿ. ಬಕೆಟ್ ಪಾಲಿಸಿಯಲ್ಲಿ ತಪ್ಪು ಡಿನೈ ಬರೆದರೆ ನೀವೇ ಹೊರಗೆ ಬೀಳುತ್ತೀರಿ, ಆಮೇಲೆ ರೂಟ್ ಖಾತೆಯಿಂದ ಬಂದು ಅಳಿಸಬೇಕು.

ಸೋರಿದೆ ಎಂದು ಗೊತ್ತಾದರೆ: ತಾತ್ಕಾಲಿಕ ಕೀಲಿಯನ್ನು ಅಳಿಸುವ ಗುಂಡಿ ಇಲ್ಲ, ಸಾಮಾನ್ಯವಾಗಿ ಸುಮಾರು 6 ಗಂಟೆ ಜೀವ ಇರುತ್ತದೆ. ಯಂತ್ರವನ್ನು ಆಫ್ ಮಾಡಿದರೂ ಕದ್ದ ಕೀಲಿ ಸಾಯುವುದಿಲ್ಲ. ಅದೇ ಹಕ್ಕಿನ ಹೊಸ ರೋಲ್ ಮಾಡಿ, ಯಂತ್ರಕ್ಕೆ ಬದಲಿಸಿ, ಆ್ಯಪ್ ಮರುಪ್ರಾರಂಭಿಸಿ (ಎಸ್‌ಡಿಕೆ ಹಳೆಯ ಕೀಲಿಯನ್ನು ಇಟ್ಟುಕೊಂಡಿರುತ್ತದೆ), ಹಳೆಯ ರೋಲ್‌ಗೆ ಎಲ್ಲವನ್ನೂ ಡಿನೈ ಮಾಡುವ ಪಾಲಿಸಿ ಅಂಟಿಸಿ. ಸೇವೆ ಒಂದಿಷ್ಟು ಹೊತ್ತು ನಿಂತರೂ ಪರವಾಗಿಲ್ಲ ಎಂದರೆ ಡಿನೈಯನ್ನೇ ಮೊದಲು ಮಾಡಿ. ಯಾವ ವಸ್ತು ಓದಿದರು ಎಂದು ಆಮೇಲೆ ತಿಳಿಯಬೇಕಾದರೆ ಕ್ಲೌಡ್‌ಟ್ರೇಲ್‌ನ (ಎಡಬ್ಲ್ಯೂಎಸ್ ಕರೆಗಳ ದಾಖಲೆ ಸೇವೆ) ಡೇಟಾ ಇವೆಂಟ್ಸ್ ಇಂದೇ ಆನ್ ಆಗಿರಬೇಕು. ಅದು ತಾನಾಗಿ ಆನ್ ಇರುವುದಿಲ್ಲ.

ಬೇಲಿಗೂಟ

ಬದಲಾಯಿಸಿದ ಮೇಲೆ ಪರೀಕ್ಷೆಯನ್ನು ಹೋಸ್ಟ್‌ನಲ್ಲಿ ಮಾಡಬೇಡಿ, ತರುವ ಕಂಟೇನರ್‌ನ ಒಳಗೆ ಹೋಗಿ ಮಾಡಿ. ಕರ್ಲ್‌ನಿಂದ ಟೋಕನ್ ಇಲ್ಲದ ಗೆಟ್, ಟೋಕನ್‌ಗಾಗಿ ಪುಟ್, ಎರಡೂ. ಐಪಿಟೇಬಲ್ಸ್ ತಡೆ ಇದ್ದರೆ ಎರಡಕ್ಕೂ ಟೈಮ್‌ಔಟ್ ಬರಬೇಕು. ಗೆಟ್‌ಗೆ 401 ಬಂದರೆ ಟೋಕನ್ ಕಡ್ಡಾಯ ಆಗಿದೆ, ಆದರೆ ದಾರಿ ಇನ್ನೂ ತೆರೆದೇ ಇದೆ. ಪುಟ್‌ಗೆ 200 ಬಂದರೆ ಹಾಪ್ ಮಿತಿ ಮತ್ತೊಮ್ಮೆ ನೋಡಿ.