ಅಟ್ಟದಲ್ಲಿ ಸಿಕ್ಕ ಸ್ಪೆಕ್ಟ್ರಮ್: ರಿಪೇರಿ ಮಾಡಿಸಲಾ, ಹೊಸದು ತಗೊಳ್ಳಲಾ? ಅನುಭವ ಇದ್ದವರು ಹೇಳಿ

ಶಿರಸಿ_ಅಟ್ಟ
ಅಪ್ಪ 1984ರಿಂದ ಎರಡು ವರ್ಷ ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದರು. ಬರುವಾಗ ತಂದ 48ಕೆ ಮೆಮೊರಿಯ ರಬ್ಬರ್ ಕೀ ಸ್ಪೆಕ್ಟ್ರಮ್ (ಟಿವಿಗೆ ಹಾಕುವ, ಸಿಂಕ್ಲೇರ್ ಕಂಪನಿಯ ಹಳೆ ಕಂಪ್ಯೂಟರ್) ಮೊನ್ನೆ ಅಟ್ಟ ಗುಡಿಸುವಾಗ ಸಿಕ್ಕಿತು. ಅಪ್ಪ ಈಗ ಇಲ್ಲ, ನಾನು ಅವರ ಮಗಳು. ಟಿವಿಗೆ ಹಾಕಿದರೆ ಬರೀ ಕಪ್ಪು ಬಿಳಿ ಉದ್ದ ಪಟ್ಟೆ. ರಿಪೇರಿಗೆ ಒಬ್ಬರು 6,500 ರೂಪಾಯಿ ಕೇಳಿದ್ದಾರೆ. ಕೊಡಬಹುದಾ? ಅಥವಾ ಈಗಿನ ಕಂಪ್ಯೂಟರಿನಲ್ಲೇ ಅದರ ಹಾಗೆ ನಡೆಯುವ ಎಮ್ಯುಲೇಟರ್ ಸಾಕಾ? ಜೊತೆಗೆ 11 ಕ್ಯಾಸೆಟ್ ಇವೆ. ಎರಡರ ಮೇಲೆ ಅಪ್ಪನ ಕೈಬರಹ ಇದೆ, ಅವರೇ ಬರೆದ ಪ್ರೋಗ್ರಾಂ ಇರಬೇಕು. ಅದು ಉಳಿಯಬೇಕು ಅನ್ನೋದೇ ಮುಖ್ಯ.

ರಬ್ಬರ್_ಕೀಲಿ
ಸಾರ್, ಕಪ್ಪು ಬಿಳಿ ಪಟ್ಟೆ ಅಂದ ಕೂಡಲೇ ಎಲ್ಲರೂ ರ‍್ಯಾಮ್ ಅಂತಾರೆ. ನಂಬಬೇಡಿ. ನಾನು ನಂಬಿ ಹಾಳಾದೆ. ಮೆಮೊರಿಯ ಕೆಳಗಿನ 16ಕೆಗೆ ಇರುವ 4116 ಅನ್ನುವ ಮೆಮೊರಿ ಚಿಪ್ ಎಂಟನ್ನೂ ಕಿತ್ತೆ. ಒಂದೊಂದಕ್ಕೆ 16 ಕಾಲು, ಒಟ್ಟು 128 ಬೆಸುಗೆ, ಎರಡು ಕಡೆ ಬೋರ್ಡಿನ ತಾಮ್ರವೇ ಎದ್ದು ಬಂತು. ಹೊಸ ಎಂಟು ಚಿಪ್‌ಗೆ 1,760 ಕೊಟ್ಟೆ, ಹಾಕಿದೆ, ಮತ್ತೆ ಅದೇ ಪಟ್ಟೆ. ಅಸಲಿ ತೊಂದರೆ ಇದ್ದದ್ದು ಟಿಆರ್4 ಅನ್ನುವ ಪುಟ್ಟ ಟ್ರಾನ್ಸಿಸ್ಟರ್‌ನಲ್ಲಿ. ಅದು ಸತ್ತರೆ ಚಿಪ್‌ಗೆ ಬೇಕಾದ ಪ್ಲಸ್ 12, ಮೈನಸ್ 5 ವೋಲ್ಟ್ ಎರಡೂ ಸರಿಯಾಗಿ ಬರುವುದಿಲ್ಲ. ಮೈನಸ್ 5 ಇಲ್ಲದೆ ಉಳಿದ ವೋಲ್ಟೇಜ್ ಮಾತ್ರ ಬಂದರೆ 4116 ಉಳಿಯುವುದು ಕಷ್ಟ. ಅಂದರೆ ನಾನು ಹೊಸದಾಗಿ ಹಾಕಿದ ಎಂಟರಲ್ಲಿ ಐದನ್ನು ನಾನೇ ಕೊಂದೆ. ಎರಡನೇ ಸಲ ಎಂಟಕ್ಕೆ 2,240. ಟಿಆರ್4ಗೆ ಝಡ್‌ಟಿಎಕ್ಸ್650 ಬೇಕು. ಅದು ಗೆಳೆಯನ ಡಬ್ಬಿಯಲ್ಲಿ ಸಿಕ್ಕಿತು.

ಪೂರ್ತಿ ಲೆಕ್ಕ ಕೊಡ್ತೀನಿ, ಯಾಕಂದ್ರೆ ಯಾರೂ ಕೊಡಲ್ಲ. ಚಿಪ್ 4,000. ಕೀಬೋರ್ಡ್ ಒಳಗಿನ ಮೆಂಬ್ರೇನ್ ಕೊರಿಯರ್ ಸೇರಿ 2,900, ಅದಕ್ಕೆ ಸುಂಕ 870. ಹಳೆಯದರ ಬಾಲ (ಬೋರ್ಡಿಗೆ ಚುಚ್ಚುವ ಪಟ್ಟಿ) ಮುಟ್ಟಿದರೆ ಹಪ್ಪಳದ ಹಾಗೆ ಮುರಿಯಿತು. ಕೆಪಾಸಿಟರ್‌ಗಳು 640. ಬಿಸಿಯಾಗುವ 7805 ತೆಗೆದು ಬೇರೆ ರೆಗ್ಯುಲೇಟರ್, 480. ಸೋಲ್ಡರಿಂಗ್ ಸ್ಟೇಷನ್, ಹೀರುವ ಪಂಪು 5,200. ಒಟ್ಟು 14,090. ಏಳು ತಿಂಗಳು ಹಿಡಿಯಿತು. ಯಂತ್ರ ಸರಿಯಾಗಿ ಶುರುವಾದಾಗ ಬರುವ 1982ರ ಸಾಲು ಪರದೆಯ ಕೆಳಗೆ ಬಂದ ರಾತ್ರಿ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ಒಂದು ಪೈಸೆಗೂ ಬೇಸರ ಇಲ್ಲ.

ಕೀ_ಜೆ_ಲೆಸ್ಟರ್
ನಾನು ಇರುವುದೇ ಸ್ಪೆಕ್ಟ್ರಮ್ ಹುಟ್ಟಿದ ದೇಶದಲ್ಲಿ. ನೇರವಾಗಿ ಹೇಳ್ತೀನಿ, ಇಷ್ಟು ದುಡ್ಡು ಸುರಿಯುವುದು ತಪ್ಪು. 2024ರ ನವೆಂಬರ್‌ನಲ್ಲಿ ರೆಟ್ರೋ ಗೇಮ್ಸ್ ಕಂಪನಿಯ ಹೊಸ ‘ದಿ ಸ್ಪೆಕ್ಟ್ರಮ್’ ಬಂತು, ಆಗ 89.99 ಪೌಂಡ್, ಸುಮಾರು ಹತ್ತು ಸಾವಿರ ರೂಪಾಯಿ. ಅದೇ ರಬ್ಬರ್ ಕೀ, ಒಳಗೆ 48 ಆಟ, ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ಆಯಿತು. ಅಸಲಿಯ ಹಾಗೆ ಜೆ ಕೀ ಒತ್ತಿದರೆ ಲೋಡ್ ಅಂತಲೇ ಬರುತ್ತದೆ. ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಂ ಕೂಡ ಬರೆಯಬಹುದು.

ನನ್ನ ಬಳಿಯೂ ಅಸಲಿ ಇತ್ತು. 2009ರಲ್ಲಿ ಇಲ್ಲಿನ ಸಂತೆಯಲ್ಲಿ 20 ಪೌಂಡ್‌ಗೆ ತಂದದ್ದು. ಮೂರು ಸಲ ಸರಿ ಮಾಡಿಸಿದೆ. ಮೂರನೇ ಸಲ ಪರದೆ, ಕೀಬೋರ್ಡ್, ಟೇಪ್ ನೋಡಿಕೊಳ್ಳುವ ಯುಎಲ್ಎ ಚಿಪ್ ಹೋಯಿತು. ಅದನ್ನು ಫೆರಾಂಟಿಯವರು ಸಿಂಕ್ಲೇರ್‌ಗೆಂದೇ ಮಾಡಿಕೊಟ್ಟದ್ದು, ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. 45 ಪೌಂಡ್ ಕೇಳಿದರು. ಬಿಟ್ಟೆ. ಮಕ್ಕಳ ಜೊತೆ ಆಡೋಕೆ ಬೇಕಿದ್ದದ್ದು ಓಡುವ ಯಂತ್ರ, ಮೇಜಿನ ಮೇಲೆ ಬಿಚ್ಚಿಟ್ಟ ಹೆಣ ಅಲ್ಲ.

ರಬ್ಬರ್_ಕೀಲಿ
ಅದರೊಳಗೆ ಇರುವುದು ಎಮ್ಯುಲೇಟರ್. ಅಸಲಿಯ ಝಡ್80 ಪ್ರೊಸೆಸರ್ ಇಲ್ಲ, ಯುಎಲ್ಎ ಇಲ್ಲ, ಟೇಪ್ ಚುಚ್ಚುವ ತೂತೂ ಇಲ್ಲ. ಡಬ್ಬಿ ಒಂದೇ ಥರ ಇದ್ದರೆ ಸಾಕಾ?

ಕೀ_ಜೆ_ಲೆಸ್ಟರ್
ಆಡುವವನಿಗೆ ಸಾಕು. ನಿಮಗೆ ಬೆಸುಗೆ ಹಾಕುವುದೇ ಆಟ. ಇಬ್ಬರ ಆಸೆ ಬೇರೆ, ಅದನ್ನೇ ಶಾಸ್ತ್ರ ಮಾಡಿ ಹೊಸಬರ ತಲೆಗೆ ಕಟ್ಟಬೇಡಿ.

ಹುಬ್ಬಳ್ಳಿ_ಟಿವಿಗೇಮ್
ಇಂಗ್ಲೆಂಡ್‌ನಿಂದ ಅಪ್ಪ ತಂದ ಕಂಪ್ಯೂಟರ್ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ನಮಗೆ ಸಿಕ್ಕಿದ್ದು 1997ರಲ್ಲಿ 650 ರೂಪಾಯಿಯ ಟಿವಿ ಗೇಮ್, ನಿಂಟೆಂಡೊ ಫ್ಯಾಮಿಕಾಮ್‌ನ ನಕಲು. ನಾನು ಇವತ್ತಿಗೂ ಅದರ ಮೇಲೇ ಪ್ರೋಗ್ರಾಂ ಬರೆಯುತ್ತೇನೆ. 6502 ಪ್ರೊಸೆಸರಿನ ಅಸೆಂಬ್ಲಿ ಭಾಷೆ, ರ‍್ಯಾಮ್ ಎರಡೇ ಕೆಬಿ.

ಎರಡು ವರ್ಷ ಕೂತು ಚೌಕಾಬಾರ ಮಾಡಿದೆ. ನಾಲ್ಕು ಜನ, ತಲಾ ನಾಲ್ಕು ಕಾಯಿ, 16 ಕಾಯಿ. ಒಂದು ಕಾಯಿಗೆ 8×8 ಚುಕ್ಕಿಯ ನಾಲ್ಕು ಸ್ಪ್ರೈಟ್ (ಪರದೆಯ ಮೇಲೆ ಓಡಾಡುವ ಪುಟ್ಟ ಚಿತ್ರ) ಬೇಕು. 64 ಆಯಿತು. ಆ ಯಂತ್ರದಲ್ಲಿ ಇರುವುದೇ 64! ಕವಡೆಗೆ ಒಂದೂ ಉಳಿಯಲಿಲ್ಲ, ಅದನ್ನು ಹಿನ್ನೆಲೆಯಲ್ಲೇ ಬರೆದೆ. ಆಮೇಲೆ ಗೊತ್ತಾಯಿತು, ಒಂದು ಅಡ್ಡಸಾಲಿನಲ್ಲಿ ಎಂಟು ಸ್ಪ್ರೈಟ್ ಮಾತ್ರ ಕಾಣುತ್ತದೆ, ಅಂದರೆ ನಾಲ್ಕೇ ಕಾಯಿ. ಐದನೆಯದು ಆ ಸಾಲಿಗೆ ಬಂದರೆ ಮಾಯ. ಪ್ರತಿ ಫ್ರೇಮ್‌ಗೂ ಸ್ಪ್ರೈಟ್‌ಗಳ ಸರದಿ ಬದಲಿಸಿ, ಮಾಯ ಆಗುವುದನ್ನು ಮಿನುಗುವುದಕ್ಕೆ ಇಳಿಸಿದೆ. ಎಮ್ಯುಲೇಟರ್‌ನಲ್ಲಿ ಚೆನ್ನಾಗಿ ಓಡಿತು. ಅಸಲಿ ಟಿವಿ ಗೇಮ್‌ಗೆ ಹಾಕಿದರೆ ಪರದೆ ಪೂರ್ತಿ ಕಸ, ಯಾಕಂದ್ರೆ ಪವರ್ ಕೊಟ್ಟಾಗ ರ‍್ಯಾಮ್ ಸೊನ್ನೆ ಇರುತ್ತದೆ ಅಂತ ನಾನು ನಂಬಿದ್ದೆ. ಎಮ್ಯುಲೇಟರ್ ಸೊನ್ನೆ ಮಾಡಿ ಕೊಡುತ್ತಿತ್ತು. ಈ ಒಂದು ತಪ್ಪಿಗೆ ಆರು ವಾರ. ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ತಂದ 27ಸಿ256 ಇಪಿರಾಮ್ (ಪ್ರೋಗ್ರಾಂ ಬರೆದಿಡುವ ಚಿಪ್) 12ರಲ್ಲಿ ನಾಲ್ಕು ಬರೆಸಿಕೊಳ್ಳಲೇ ಇಲ್ಲ, ಅದು 600 ರೂಪಾಯಿ ನೀರಿಗೆ. ಅಳಿಸುವ ಯುವಿ ದೀಪ 1,350.

ರಬ್ಬರ್_ಕೀಲಿ
ಒಳ್ಳೆಯದು, ಆದರೆ ಅದು ಆಟಿಕೆ. ಇಲ್ಲಿ ಕೇಳಿದ್ದು ಕಂಪ್ಯೂಟರ್ ಬಗ್ಗೆ.

ಹುಬ್ಬಳ್ಳಿ_ಟಿವಿಗೇಮ್
ಆಟಿಕೆ ಅನ್ನುವ ಮಾತು ವಾಪಸ್ ತಗೊಳ್ಳಿ. ಕೀಬೋರ್ಡ್ ಇದ್ದ ಟಿವಿ ಗೇಮ್‌ಗಳೂ ಇದ್ದವು, ಬೇಸಿಕ್ ಕಾರ್ಟ್ರಿಜ್ ಜೊತೆಗೇ ಬರುತ್ತಿತ್ತು. ನಾನು ಮೊದಲ ಫಾರ್ ನೆಕ್ಸ್ಟ್ ಲೂಪ್ ಬರೆದದ್ದು ಅದರಲ್ಲೇ. ಸೇವ್ ಮಾಡಲು ದಾರಿ ಇರಲಿಲ್ಲ, ಕರೆಂಟ್ ಹೋದರೆ ಹೋಯಿತು. ಹಾಗಾಗಿ ನೋಟ್‌ಬುಕ್‌ನಲ್ಲಿ ಬರೆದಿಟ್ಟು ದಿನಾ ಮತ್ತೆ ಟೈಪ್ ಮಾಡುತ್ತಿದ್ದೆವು. ನಿಮ್ಮ ಸ್ಪೆಕ್ಟ್ರಮ್‌ನಲ್ಲಿ ಸ್ಪ್ರೈಟ್ ಹಾರ್ಡ್‌ವೇರ್ ಇದೆಯಾ? 8×8ರ ಒಂದು ಚೌಕದಲ್ಲಿ ಎರಡಕ್ಕಿಂತ ಜಾಸ್ತಿ ಬಣ್ಣ ಹಾಕಿ ತೋರಿಸಿ.

ಅಕ್ಷರ_8×8
ಎರಡು ಬಣ್ಣ ಸಾಕು, ಅಕ್ಷರ ಬರೆಯುವುದಕ್ಕೆ. ನಾನು ಸ್ಪೆಕ್ಟ್ರಮ್‌ನಲ್ಲಿ ಕನ್ನಡ ಮೂಡಿಸಿದ್ದೇನೆ. ಬೇಸಿಕ್‌ನಲ್ಲಿ ನಾವೇ ಮಾಡಿಕೊಳ್ಳುವ ಚಿತ್ರಾಕ್ಷರ 21 ಮಾತ್ರ, ಮೆಮೊರಿಯಲ್ಲಿ 65368ನೇ ಜಾಗದಿಂದ ಶುರು. ನಮ್ಮ ವರ್ಣಮಾಲೆಗೆ ಅದು ಯಾವ ಮೂಲೆಗೂ ಸಾಲದು. 8×8ರಲ್ಲಿ ‘ಘ’ ಮತ್ತು ‘ಫ’ ಬೇರೆ ಬೇರೆ ಅಂತ ಕಾಣಿಸುವುದೂ ಇಲ್ಲ. ಹಾಗಾಗಿ 16×16 ಮಾಡಿದೆ. ಅಕ್ಷರ, ಕಾಗುಣಿತದ ತುಂಡು, ಒತ್ತು ಎಲ್ಲ ಸೇರಿ 130 ಚಿತ್ರ, 32 ಬೈಟ್‌ನಂತೆ 4,160 ಬೈಟ್. ಗ್ರಾಫ್ ಹಾಳೆಯಲ್ಲಿ ಒಂದೊಂದನ್ನೂ ಕೈಯಲ್ಲೇ ಬರೆದೆ. ಒತ್ತಿಗೆ ಕೆಳಗೆ ಇನ್ನೂ ಎಂಟು ಗೆರೆ ಬಿಡಬೇಕು, ಆಗ 192 ಗೆರೆಯ ಪರದೆಯಲ್ಲಿ ಎಂಟೇ ಸಾಲು. ಸಾಲಿಗೆ 16 ಅಕ್ಷರ.

ಕಷ್ಟ ಪಟ್ಟದ್ದು ‘ಸ್ತ್ರೀ’ಗೆ. ಎರಡು ಒತ್ತು ಒಂದೇ ಮನೆಯೊಳಗೆ. ಹನ್ನೊಂದು ದಿನ ತಿದ್ದಿದೆ. ಪರದೆಯ ಮೆಮೊರಿ ಮೂರು ಭಾಗ ಆಗಿರುವುದರಿಂದ ಕೆಳಗಿನ ಗೆರೆಗೆ ಹೋಗಲು 256 ಕೂಡಬೇಕು, ಎಂಟು ಗೆರೆ ದಾಟಿದರೆ ಆ ಲೆಕ್ಕ ತಪ್ಪುತ್ತದೆ. ನನ್ನ ಅಕ್ಷರ ಮೂರು ಚೌಕ ಎತ್ತರ ಅಲ್ವಾ, ಪ್ರತಿ ಸಲವೂ ತಪ್ಪುತ್ತಿತ್ತು.

ಮೈಸೂರು_64
ಯಾರೂ ವೋಲ್ಟೇಜ್ ಬಗ್ಗೆ ಮಾತಾಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಅಮೆರಿಕದಿಂದ ಬರುವಾಗ ಕಮೊಡೋರ್ 64 ಕಂಪ್ಯೂಟರ್ ತಂದೆ. ಮನೆಯಲ್ಲಿ ಯಾರೋ ಅದನ್ನು ನೇರ 230 ವೋಲ್ಟ್‌ಗೆ ಚುಚ್ಚಿದರು. 120 ವೋಲ್ಟ್‌ನ ಅಡಾಪ್ಟರ್. ಒಳಗೆಲ್ಲ ರಾಳ ತುಂಬಿರುತ್ತದೆ, ಬಿಚ್ಚಲೂ ಆಗಲ್ಲ. ಒಂದು ವಾಸನೆ, ಅಷ್ಟೇ. ಅದು ಹೋಗಲಿ, ಅದರ ಬದಲಿಗೆ ತಂದ ಇನ್ನೊಂದು ಹಳೆಯ ಅಡಾಪ್ಟರ್ 5 ವೋಲ್ಟ್ ಕಡೆ ಜಾಸ್ತಿ ಕೊಟ್ಟು ರ‍್ಯಾಮ್ ಮೂರು, ಪಿಎಲ್ಎ ಅನ್ನುವ ಚಿಪ್, ಸಿಡ್ ಧ್ವನಿ ಚಿಪ್ ಎಲ್ಲ ತಗೊಂಡು ಹೋಯಿತು. ಸಿಡ್‌ಗೆ 5,500 ಕೊಟ್ಟೆ, ಬಂದದ್ದು ಮೇಲಿನ ಹೆಸರು ಉಜ್ಜಿ ಮತ್ತೆ ಅಚ್ಚು ಹಾಕಿದ ಬೇರೆ ಚಿಪ್. ಮಾರಿದವರು ಉತ್ತರ ಕೊಡಲಿಲ್ಲ. ಹಳದಿಯಾದ ಡಬ್ಬಿಗೆ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟೆ, ಏಪ್ರಿಲ್ ಬಿಸಿಲು, ಒಂದೂವರೆ ಗಂಟೆಗೆ ಅದು ಒಣಗಿ ಬಿಳಿ ಗೆರೆ ಬಿತ್ತು. ಆ ಗೆರೆ ಹೋಗುವುದಿಲ್ಲ.

ರಬ್ಬರ್_ಕೀಲಿ
ಇಂಗ್ಲೆಂಡಿನದು ಆಗ 240 ವೋಲ್ಟ್, ಇಲ್ಲಿ ತೊಂದರೆ ಇಲ್ಲ ಸಾರ್. ಸ್ಪೆಕ್ಟ್ರಮ್‌ನ 9 ವೋಲ್ಟ್ ಅಡಾಪ್ಟರ್‌ನಲ್ಲಿ ನಡುವಿನ ಕಡ್ಡಿ ಮೈನಸ್. ಅದನ್ನು ನೋಡಿದರೆ ಸಾಕು.

ಮೈಸೂರು_64
ನಲವತ್ತು ವರ್ಷದ ಅಡಾಪ್ಟರ್‌ಗೆ ‘ಸಾಕು’ ಅನ್ನಬೇಡಿ. ಹೀಗೆ ಹೇಳಿದವರನ್ನು ನಂಬಿಯೇ ನನ್ನದು ಹೋದದ್ದು.

ಶಿರಸಿ_ಅಟ್ಟ
ನಾನು ಸಾರ್ ಅಲ್ಲ, ಮೇಡಂ. ಎಲ್ಲರಿಗೂ ಧನ್ಯವಾದ, ಆದರೆ ಕ್ಯಾಸೆಟ್ ಬಗ್ಗೆ ಯಾರೂ ಹೇಳಲಿಲ್ಲ. ಅದರ ಮೇಲೆ ಬಿಳಿ ಪುಡಿ ಥರ ಏನೋ ಕೂತಿದೆ.

ಕರಾವಳಿ_ಟೇಪು
ಮೇಡಂ, ಅದು ಬೂಷ್ಟು. ಸುಮ್ನೆ ಪ್ಲೇಯರ್‌ಗೆ ಹಾಕಬೇಡಿ. ನಾನು ಮಂಗಳೂರಿನಲ್ಲಿ 60 ಕ್ಯಾಸೆಟ್ ಉಳಿಸಿದ್ದೇನೆ, ಏಳು ಕಳೆದುಕೊಂಡಿದ್ದೇನೆ. ಮೊದಲನೆಯದು ಹೋದದ್ದು ಆತುರಕ್ಕೆ. ಟೇಪ್ ಒತ್ತುವ ಪುಟ್ಟ ಮೆತ್ತೆಯ ಅಂಟು ಬಿಟ್ಟಿತ್ತು, ನೋಡದೆ ಓಡಿಸಿದೆ, ಟೇಪ್ ರೋಲರ್‌ಗೆ ಸುತ್ತಿಕೊಂಡು ತುಂಡಾಯಿತು. ಅದರಲ್ಲಿ ನನ್ನ ಅಣ್ಣ ಬರೆದ ಆಟ ಇತ್ತು. ಬೇರೆ ಪ್ರತಿ ಇಲ್ಲ.

ಸ್ಕ್ರೂ ಇರುವ ಕ್ಯಾಸೆಟ್ ಆದರೆ ಬಿಚ್ಚಿ ಸುರುಳಿಯನ್ನು ಹೊಸ ಡಬ್ಬಿಗೆ ಹಾಕಿ. ಐಸೊಪ್ರೊಪೈಲ್ ಆಲ್ಕೋಹಾಲ್ ಒದ್ದೆ ಮಾಡಿದ ಮೆತ್ತನೆ ಬಟ್ಟೆಯ ನಡುವೆ ಟೇಪನ್ನು ಕೈಯಿಂದ ಸುತ್ತುತ್ತಾ ದಾಟಿಸಿ. ಪ್ಲೇಯರ್ ಬೆಲ್ಟ್ ಹೊಸದಿರಲಿ, ನನ್ನದಕ್ಕೆ 180 ಆಯಿತು. ಕಂಪ್ಯೂಟರ್‌ಗೆ ವೇವ್ ಫೈಲ್ ಆಗಿ ತುಂಬಿಸಿ, 44,100 ಹರ್ಟ್ಸ್, ಎಂಪಿ3 ಬೇಡ. ಟೇಪಿನ ಬುಸ್ ಸದ್ದು ತಗ್ಗಿಸುವ ಡಾಲ್ಬಿ ಆಫ್ ಇರಲಿ. ಟೇಪ್ ಓದುವ ಹೆಡ್ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಕೇಳಿ, ಸದ್ದು ತೀರಾ ಚೂಪಾಗಿ ಕೇಳುವ ಜಾಗದಲ್ಲಿ ನಿಲ್ಲಿಸಿ. ಇದಕ್ಕೆ ನಿಮ್ಮ ಸ್ಪೆಕ್ಟ್ರಮ್ ಓಡಲೇಬೇಕಂತಿಲ್ಲ, ಎಮ್ಯುಲೇಟರ್‌ಗೆ ಆ ಫೈಲ್ ಕೊಟ್ಟರೆ ಲೋಡ್ ಆಗುವಾಗ ಪರದೆಯ ಅಂಚಿನಲ್ಲಿ ಮೊದಲು ಕೆಂಪು ಮತ್ತು ತಿಳಿನೀಲಿ ಪಟ್ಟೆ, ಆಮೇಲೆ ನೀಲಿ ಹಳದಿ ಬರುತ್ತದೆ.

ಕೀ_ಜೆ_ಲೆಸ್ಟರ್
ನೋಡಿ, ಕೊನೆಗೆ ಎಮ್ಯುಲೇಟರೇ ಕೆಲಸಕ್ಕೆ ಬಂತು.

ಕರಾವಳಿ_ಟೇಪು
ನನ್ನನ್ನು ನಿಮ್ಮ ಜಗಳಕ್ಕೆ ಎಳೆಯಬೇಡಿ. ಫೈಲ್ ಉಳಿಸಲು ಎಮ್ಯುಲೇಟರ್ ಅಂದೆ. ನಮ್ಮ ಮನೆಯ ಸ್ಪೆಕ್ಟ್ರಮ್ ಇನ್ನೂ ಓಡುತ್ತಿದೆ.

ಶಿರಸಿ_ಅಟ್ಟ
ಮೂರು ವಾರ ಆಯಿತು. ಒಂದು ಕ್ಯಾಸೆಟ್ ತೊಳೆದು ತುಂಬಿಸಿದೆ. ಕೆಂಪು ಮತ್ತು ತಿಳಿನೀಲಿ ಬಂತು, ಹೆಸರೂ ಬಂತು: ಇಂಗ್ಲಿಷ್ ಅಕ್ಷರದಲ್ಲಿ ‘ಅಡಿಕೆ 2’. ನಮ್ಮ ತೋಟದ ಲೆಕ್ಕ ಇರಬೇಕು. ಅದಾದ ಮೇಲೆ ಟೇಪ್ ಲೋಡಿಂಗ್ ಎರರ್.

ಕರಾವಳಿ_ಟೇಪು
ಹೆಸರು ಬಂತು ಅಂದರೆ ಟೇಪ್ ಬದುಕಿದೆ. ಸ್ಟೀರಿಯೋ ತುಂಬಿಸಿದ್ದೀರಾ? ಎಡ ಬಲ ಬೇರೆ ಮಾಡಿ ಒಂದೊಂದನ್ನೇ ಕೊಟ್ಟು ನೋಡಿ. ಒಂದು ಬದಿಯಲ್ಲಿ ಬೂಷ್ಟು ಕಡಿಮೆ ಇರುತ್ತದೆ. ಆಗದಿದ್ದರೆ ವೇವ್ ಫೈಲ್ ನನಗೆ ಕಳಿಸಿ, ತಪ್ಪಿದ ಬಿಟ್‌ಗಳನ್ನು ಕೈಯಲ್ಲೇ ತಿದ್ದುತ್ತೇನೆ. ಹಾಗೆ ಮಾಡಿ ಉಳಿಸಿದ್ದು ನಾಲ್ಕಿವೆ.

ರಬ್ಬರ್_ಕೀಲಿ
ಮೇಡಂ, ತಪ್ಪಾಗಿ ಸಾರ್ ಅಂದದ್ದಕ್ಕೆ ಕ್ಷಮಿಸಿ. ಮೆಂಬ್ರೇನ್ ಇನ್ನೊಂದು ನನ್ನ ಬಳಿ ಇದೆ, ತಂದ ಬೆಲೆಗೇ ಕೊಡುತ್ತೇನೆ. ಆ 6,500 ಕೇಳಿದವರಿಗೆ ರ‍್ಯಾಮ್ ಮುಟ್ಟುವ ಮೊದಲು ಟಿಆರ್4 ಅಳೆಯಲು ಹೇಳಿ.