ಫೇಸ್‌ಬುಕ್ ಬಿಟ್ಟರೆ ಚರ್ಚಿನ ಸಭೆಯಿಂದಲೂ ದೂರ ಆದ ಹಾಗಾ?

ಕಾಂದಿವಲಿ_ಕನ್ನಡತಿ:
ಎಲ್ಲರಿಗೂ ವಂದನೆ. ನಾವು ಉಡುಪಿ ಕಡೆಯವರು, ಮುಂಬೈಗೆ ಬಂದು 16 ವರ್ಷ ಆಯ್ತು. ಬೆಳಿಗ್ಗೆ ಐದಕ್ಕೆ ಎದ್ದು ವಾಕ್ಯ ಓದೋಣ ಅಂತ ಫೋನ್ ಕೈಗೆ ತೆಗೆದುಕೊಳ್ಳುತ್ತೇನೆ. ಬೈಬಲ್ ಆ್ಯಪ್ ತೆರೆಯುವ ಮೊದಲೇ ಮೇಲೊಂದು ನೋಟಿಫಿಕೇಶನ್ ಕಾಣುತ್ತೆ. ಅದನ್ನು ಒತ್ತಿದರೆ ಮುಗೀತು, ಯಾರು ಹೊಸ ಮನೆ ತಗೊಂಡರು, ಯಾರ ಮಗ ಕೆನಡಾಕ್ಕೆ ಹೋದ ಅಂತ ನೋಡುತ್ತಾ ಕುಕ್ಕರ್ ಕೂಗುತ್ತೆ, ವಾಕ್ಯ ಓದಿರುವುದೇ ಇಲ್ಲ.

ಹೋದ ತಿಂಗಳು ನಮ್ಮವರ ಕೆಲಸ ಹೋಯ್ತು. ಪ್ರಾರ್ಥನೆ ಮಾಡಿ ಅಂತ ಹಾಕಿದೆ. 43 ಜನ ಕೈಮುಗಿದ ಚಿತ್ರ ಹಾಕಿದರು. ಲೋಕಲ್ ಟ್ರೈನಿನಲ್ಲಿ ನಿಂತುಕೊಂಡು, ರಾತ್ರಿ ನೀರು ಕುಡಿಯಲು ಎದ್ದಾಗ, ಎಷ್ಟಾಯ್ತು ಅಂತ ಎಣಿಸುತ್ತಿದ್ದೆ, ಯಾರು ಹಾಕಿಲ್ಲ ಅಂತಲೂ ನೋಡುತ್ತಿದ್ದೆ. ಅದು ನನಗೇ ಹೆದರಿಕೆ ಆಯ್ತು. ಮನೆಗೆ ಬಂದವರು ಒಬ್ಬರೇ, ಎದುರು ಮನೆಯ ಗುಜರಾತಿ ಬೆನ್ (ಅವರಲ್ಲಿ ಅಕ್ಕನಿಗೆ ಹಾಗೆ ಅನ್ನುತ್ತಾರೆ), ಸ್ಟೀಲ್ ಡಬ್ಬಿಯಲ್ಲಿ ಢೋಕ್ಲಾ ಹಿಡಿದುಕೊಂಡು.

ಎಲ್ಲ ಬಿಟ್ಟುಬಿಡೋಣ ಅನಿಸುತ್ತಿದೆ. ಆದರೆ ಮಹಿಳಾ ಕೂಟದ ಸಮಯ, ಯಾರಾದರೂ ತೀರಿಕೊಂಡ ಸುದ್ದಿ ಎಲ್ಲ ಫೋನ್‌ನಲ್ಲೇ ಬರೋದು. ಬಿಟ್ಟರೆ ಜಂಬ ಅಂದುಕೊಳ್ಳುತ್ತಾರಾ?

ಪಿಂಪ್ರಿ_ಅಂಕಲ್:
ತಂಗಿ, ಮಾರ್ಕನ ಸುವಾರ್ತೆ 1ನೇ ಅಧ್ಯಾಯ 33ರಿಂದ 38ರವರೆಗೆ ನಿಧಾನಕ್ಕೆ ಓದಮ್ಮ. ಸಂಜೆ ಊರಿಗೆ ಊರೇ ಬಾಗಿಲ ಮುಂದೆ ಸೇರಿತ್ತು. ಮಾರನೇ ದಿನ ಇನ್ನೂ ಕತ್ತಲಿರುವಾಗಲೇ ಯೇಸುಸ್ವಾಮಿ ಎದ್ದು ಯಾರೂ ಇಲ್ಲದ ಜಾಗಕ್ಕೆ ಪ್ರಾರ್ಥನೆಗೆ ಹೋದರು. ಶಿಷ್ಯ ಸೀಮೋನ ಹುಡುಕಿಕೊಂಡು ಹೋಗಿ, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಅಂದ. ಆದರೂ ಅವರು ವಾಪಸ್ ಹೋಗಲಿಲ್ಲ, ಬೇರೆ ಊರಿಗೆ ಹೋಗೋಣ ಅಂದರು. ನಿಜವಾಗಿ ಕಷ್ಟದಲ್ಲಿದ್ದವರೇ ಹುಡುಕುತ್ತಿದ್ದರು, ಅದನ್ನು ಯೋಚನೆ ಮಾಡು. ನಮ್ಮ ಫೋನ್ ದಿನಕ್ಕೆ ನೂರು ಸಲ ಸೀಮೋನನ ಮಾತನ್ನೇ ಹೇಳುತ್ತೆ. ಅಚ್ಚಾದ ಬೈಬಲ್ ಇಟ್ಟುಕೋ, ಅಲಾರಾಂಗೆ ಬೇರೆ ಗಡಿಯಾರ ತಗೋ, ಫೋನ್ ರಾತ್ರಿ ಅಡುಗೆಮನೆಯಲ್ಲಿರಲಿ.

ವಾಸ್ಕೋ_ಬ್ರದರ್:
ಅಂಕಲ್, ಫೋನನ್ನೇ ದೂರ ಇಡಿ ಅಂದರೆ ನಾನು ಪೂರ್ತಿ ಒಪ್ಪುವುದಿಲ್ಲ. ಕಾರವಾರದಲ್ಲಿ ನಮ್ಮಮ್ಮ ಹಾಸಿಗೆ ಹಿಡಿದಿದ್ದಾರೆ. 2020ರ ಲಾಕ್‌ಡೌನ್‌ನಿಂದ ಪ್ರತಿ ಭಾನುವಾರ ಆರಾಧನೆಯನ್ನು ಮೊಬೈಲ್‌ನಲ್ಲೇ ನೋಡುತ್ತಾರೆ, ಹಾಡಿಗೆ ತುಟಿ ಅಲ್ಲಾಡಿಸುತ್ತಾರೆ. ಅದನ್ನು ಹೇಗೆ ಬೇಡ ಅನ್ನಲಿ?

ಅಕ್ಕ, ಫೇಸ್‌ಬುಕ್, ಸಭೆಯ ವಾಟ್ಸ್‌ಆ್ಯಪ್ ಗುಂಪು ಎರಡನ್ನೂ ಬೇರೆ ಬೇರೆ ಮಾಡಿ. ಫೇಸ್‌ಬುಕ್ ಡಿಆ್ಯಕ್ಟಿವೇಟ್ ಮಾಡಿದರೆ ಬೇಕಾದಾಗ ತಿರುಗಿ ಬರಬಹುದು. ಪೂರ್ತಿ ಡಿಲೀಟ್ ಮಾಡುವುದಾದರೆ 30 ದಿನ ಕಾಲಾವಕಾಶ ಇರುತ್ತೆ, ಆ ದಿನಗಳಲ್ಲಿ ಲಾಗಿನ್ ಆಗಿ ರದ್ದು ಮಾಡಬಹುದು, ಹಾಗಾಗಿ ಫೋನ್‌ನಿಂದ ಆ್ಯಪ್ ಕೂಡ ತೆಗೆದುಬಿಡಿ. ವಾಟ್ಸ್‌ಆ್ಯಪ್ ಗುಂಪು ಬಿಟ್ಟರೆ 2022ರಿಂದ ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಹೋಗುತ್ತೆ. ಸಭೆಯ ಗುಂಪು ಇಟ್ಟುಕೊಂಡು ಮ್ಯೂಟ್ ಮಾಡಿ, ಸಂಜೆ ಒಂದು ಸಲ ನೋಡಿದರೆ ಸಾಕು.

ಡೊಂಬಿವಲಿ_ಅಕ್ಕ:
ನಾನು ಒಂದು ವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ 40 ದಿನ ಫೇಸ್‌ಬುಕ್ ಬಿಟ್ಟಿದ್ದೆ. ಮೊದಲ ವಾರ ಟ್ರೈನಿನಲ್ಲಿ ಕೈ ಸುಮ್ನೆ ಬ್ಯಾಗಿಗೆ ಹೋಗುತ್ತಿತ್ತು. ಆಮೇಲೆ ರಾತ್ರಿ ನಿದ್ದೆ ಚೆನ್ನಾಗಿ ಬಂತು. ಈಸ್ಟರ್ ಆದ ಮೇಲೆ ಮತ್ತೆ ಹಾಕಿಕೊಂಡೆ, ಒಂದೇ ವಾರದಲ್ಲಿ ಹಳೇ ಕಥೆ. ಅದಕ್ಕೇ ನೀವು ಇಷ್ಟು ದಿನ ಅಂತ ಲೆಕ್ಕ ಇಟ್ಟುಕೊಳ್ಳಬೇಡಿ.

ಇನ್ನೊಂದು ಮಾತು, ಬರೆಯಲು ಕಷ್ಟವಾಗುತ್ತಿದೆ. ನಿಮ್ಮ 43 ಜನರ ಹಾಗೆ ನಾನೂ ಮಾಡಿದ್ದೇನೆ. ಪಕ್ಕದ ಬಿಲ್ಡಿಂಗಿನವರು ಆಸ್ಪತ್ರೆಯಲ್ಲಿದ್ದಾಗ ಕೈಮುಗಿದ ಚಿತ್ರ ಹಾಕಿದೆ, ಪ್ರಾರ್ಥನೆಯನ್ನೂ ಮಾಡಲಿಲ್ಲ, ನೋಡಲೂ ಹೋಗಲಿಲ್ಲ. ಚಿತ್ರ ಹಾಕಿದ ಕೂಡಲೇ ನನ್ನ ಕೆಲಸ ಆಯ್ತು ಅನಿಸಿಬಿಟ್ಟಿತ್ತು. ನಿಮ್ಮವರದು ಯಾವ ಕೆಲಸ ಅಂತ ನನಗೆ ಮೆಸೇಜ್ ಮಾಡಿ, ಇಲ್ಲಿ ಪರಿಚಯದವರನ್ನು ಕೇಳುತ್ತೇನೆ.

ಕಾಂದಿವಲಿ_ಕನ್ನಡತಿ:
ಅಕ್ಕ, ಮೆಸೇಜ್ ಮಾಡಿದ್ದೇನೆ. ನೀವು ಬರೆದದ್ದು ಓದಿ ಅತ್ತುಬಿಟ್ಟೆ, ಯಾಕಂದರೆ ನಾನೂ ಎಷ್ಟೋ ಜನರಿಗೆ ಹಾಗೇ ಮಾಡಿದ್ದೇನೆ. ನಿನ್ನೆ ಫೇಸ್‌ಬುಕ್ ಡಿಲೀಟ್‌ಗೆ ಕೊಟ್ಟೆ. ಸಭೆಯ ಗುಂಪು ಮ್ಯೂಟ್ ಆಗಿದೆ, ಸಾವು ನೋವು ಇದ್ದರೆ ದಯವಿಟ್ಟು ಫೋನ್ ಮಾಡಿ ಅಂತ ಪಾಸ್ಟರ್ ಅಮ್ಮನಿಗೆ ಹೇಳಿದ್ದೇನೆ. ಅವರು ಜಂಬ ಅಂತೇನೂ ಅಂದುಕೊಳ್ಳಲಿಲ್ಲ. ಬೆನ್ ಅವರ ಡಬ್ಬಿ ಇನ್ನೂ ನಮ್ಮಲ್ಲೇ ಇದೆ, ಖಾಲಿ ಕೊಡಬಾರದು ಅಲ್ವಾ, ಅಕ್ಕಿ ನೆನೆಹಾಕಿದ್ದೇನೆ, ನಾಳೆ ನೀರುದೋಸೆ ಮಾಡಿ ಹಾಕಿಕೊಟ್ಟು ಸ್ವಲ್ಪ ಹೊತ್ತು ಕೂತು ಬರುತ್ತೇನೆ.